ಪುಕ್ಕಟೆ ಪಾರಿವಾಳ

ಅಮೆರಿಕದಲ್ಲಿ ಹಕ್ಕಿಬೇಟೆಗೆ ನಾಯಿ ಪಳಗಿಸುವವರ ನಡುವೆ ಒಂದು ಸಲಹೆ ಸದಾ ಓಡಾಡುತ್ತಿರುತ್ತದೆ: ಪಾರಿವಾಳಕ್ಕೆ ದುಡ್ಡು ಯಾಕೆ ಸುರೀತೀರಿ, ಯಾವುದಾದರೂ ಹಳೇ ಕೊಟ್ಟಿಗೆಗೆ ಹೋಗಿ, ಪುಕ್ಕಟೆ ಸಿಗುತ್ತವೆ. ನನ್ನ ತಕರಾರು ಈ 'ಪುಕ್ಕಟೆ' ಎಂಬ ಪದದ ಮೇಲೆ. ಸಾಹಿತ್ಯ ಓದುವವರಿಗೆ ಇದೆಲ್ಲ ಯಾಕೆ ಎನ್ನಬೇಡಿ. ಒಂದು ಪದ ಎಷ್ಟು ಮುಚ್ಚಿಡಬಲ್ಲದು ಎಂದು ನೋಡುವುದು ನಮ್ಮದೇ ಕೆಲಸ.

ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಹುಲ್ಲಿನಲ್ಲಿ ಅಡಗಿದ ಹಕ್ಕಿಯ ವಾಸನೆ ಹಿಡಿದು, ಮುಂಗಾಲು ಮಡಚಿ, ಕಲ್ಲಿನಂತೆ ನಿಲ್ಲುವ ಪಾಯಿಂಟರ್ ನಾಯಿಯ ಸೊಗಸನ್ನು ಯಾರೂ ಒಪ್ಪಬೇಕು. ಆ ನಿಲುವು ಅದರ ರಕ್ತದಲ್ಲಿದೆ. ಹಕ್ಕಿ ಹಾರಿದ ಮೇಲೂ ಬೆನ್ನಟ್ಟದಿರುವ ಸಂಯಮವನ್ನು ಮಾತ್ರ ಕಲಿಸಬೇಕು. ಪಂಜರದಲ್ಲಿ ಬೆಳೆದ ಲಾವಕ್ಕಿಗೆ ರೆಕ್ಕೆಯಲ್ಲಿ ಕಸುವು ಕಡಿಮೆ, ನಾಯಿ ಹಿಡಿದುಬಿಟ್ಟರೆ ಪಾಠ ಕೆಟ್ಟಿತು. ಪಾರಿವಾಳ ಹಾಗಲ್ಲ, ಚಿಮ್ಮಿ ಹಾರುತ್ತದೆ. ಓಡಿದರೆ ಸಿಗುವುದಿಲ್ಲ ಎಂದು ನಾಯಿಗೆ ಮನದಟ್ಟಾಗುತ್ತದೆ. ಅಂದರೆ ಈ ಶಾಲೆಯ ನಿಜವಾದ ಮೇಷ್ಟ್ರು ಪಾರಿವಾಳವೇ. ಮೇಷ್ಟ್ರಿಗೆ ಸಿಗುವ ಸಂಬಳ ನೋಡಿ.

ಪಾರಿವಾಳ ಕತ್ತಲಲ್ಲಿ ಹಾರಲು ಹಿಂಜರಿಯುತ್ತದೆ. ಹಾಗಾಗಿ ರಾತ್ರಿ ಕೊಟ್ಟಿಗೆಗೆ ಏಣಿ ಹಾಕಿ, ಟಾರ್ಚ್ ಬೆಳಕನ್ನು ಕಣ್ಣಿಗೆ ಬಿಟ್ಟು, ಉದ್ದ ಹಿಡಿಕೆಯ ಬಲೆಯಿಂದ ತೊಲೆಯ ಮೇಲಿಂದ ಬಾಚಿಕೊಳ್ಳುತ್ತಾರೆ. ಹಗಲಾದರೆ ಕಾಳು ಚೆಲ್ಲಿದ ಬೋನು. ಅದರ ಬಾಗಿಲ ತಂತಿಗಳು ಒಳಕ್ಕೆ ಮಾತ್ರ ಬಾಗುತ್ತವೆ. ಮೇವಿನ ಮೇಲೆ ಹಿಕ್ಕೆ ಬೀಳುವುದು ತಪ್ಪಿದರೆ ಸಾಕೆಂದು ರೈತನೂ ಸುಮ್ಮನಿರುತ್ತಾನೆ. ದೂರ ಹಾರದಿರಲೆಂದು ಹಕ್ಕಿಯ ಕಾಲಿಗೆ ರಟ್ಟಿನ ತುಂಡು ಕಟ್ಟುವುದೂ ಉಂಟು. ಕೊನೆಗೆ ನಾಯಿಗೆ ಬಹುಮಾನ ಬೇಕಲ್ಲ, ಗುಂಡು ಹಾರುತ್ತದೆ.

ಈ ಲೆಕ್ಕದಲ್ಲಿ ಬರೆಯದೆ ಬಿಟ್ಟ ಬಾಬ್ತೊಂದಿದೆ. ಮೇವು ಸಿಕ್ಕರೆ ಪಾರಿವಾಳ ವರ್ಷದ ಬಹುಪಾಲು ಮೊಟ್ಟೆಯಿಡುತ್ತದೆ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಎರಡೂ ತಮ್ಮ ಗಂಟಲ ಚೀಲದಲ್ಲಿ ಊರುವ ಹಾಲಿನಂಥದ್ದನ್ನು ಮರಿಗಳಿಗೆ ಉಣಿಸುತ್ತವೆ. ತೊಲೆಯ ಮೇಲಿನ ಹಕ್ಕಿ ಚೀಲಕ್ಕೆ ಬಿದ್ದ ರಾತ್ರಿ, ಅದೇ ತೊಲೆಯ ಸಂದಿಯಲ್ಲಿ ಎರಡು ಮರಿಗಳು ಕಾದಿರಬಹುದು. 'ಪುಕ್ಕಟೆ'ಯ ಬೆಲೆ ತೆರುವುದು ಅವು.

ಕಾನೂನೇ ಅಡ್ಡಿಯಿಲ್ಲ ಎನ್ನುತ್ತದಲ್ಲ ಎಂದು ಕೇಳುತ್ತಾರೆ. ನಿಜ. ಆ ದೇಶದ 1918ರ ವಲಸೆ ಹಕ್ಕಿಗಳ ಕಾಯ್ದೆ ಕಾಯುವುದು ಅಲ್ಲಿನ ಮೂಲ ಹಕ್ಕಿಗಳನ್ನು. ಯುರೋಪಿನ ವಲಸಿಗರೊಡನೆ ಹಡಗಿನಲ್ಲಿ ಬಂದ ಈ ಪಾರಿವಾಳಕ್ಕೆ ಅದರ ಪಟ್ಟಿಯಲ್ಲಿ ಜಾಗವಿಲ್ಲ. ಆದರೆ ಆ ಕಾಯ್ದೆ ಬಂದದ್ದು ಇನ್ನೊಂದು ಪಾರಿವಾಳ ಅಳಿದ ನಾಲ್ಕೇ ವರ್ಷಕ್ಕೆ. ಪ್ಯಾಸೆಂಜರ್ ಪಾರಿವಾಳಗಳು ಒಂದು ಕಾಲಕ್ಕೆ ಅಲ್ಲಿ ಆಕಾಶವನ್ನೇ ಮುಚ್ಚುತ್ತಿದ್ದವು. ಬಲೆಗಾರರು ಒಂದು ಹಕ್ಕಿಯ ಕಣ್ಣು ಹೊಲಿದು, ಮಣೆಗೆ ಕಟ್ಟಿ, ಅದರ ರೆಕ್ಕೆಬಡಿತ ತೋರಿಸಿ ಹಿಂಡನ್ನು ಕೆಳಗಿಳಿಸುತ್ತಿದ್ದರು. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಮಾರ್ಥಾ ಸತ್ತಳು, ಅವಳೇ ಕೊನೆಯವಳು. ಅವೂ ಪುಕ್ಕಟೆ ಹಕ್ಕಿಗಳೇ ಆಗಿದ್ದವು. ಇಂದಿನ ಪಾರಿವಾಳ ಹಾಗೆ ಅಳಿಯುವುದಿಲ್ಲ, ಗೊತ್ತು. ಆದರೆ ಹಿಂಡು ದೊಡ್ಡದಾದರೆ ಒಂದೊಂದು ಹಕ್ಕಿಯ ನೋವು ಚಿಕ್ಕದಾಗುತ್ತದೆಯೇ?

ಬೇರೆ ದಾರಿ ಇಲ್ಲದೆ ಇಲ್ಲ. ಅದೇ ಜಾತಿಯ, ಮನೆಗೆ ಮರಳುವ ತಳಿಯ ಪಾರಿವಾಳಗಳನ್ನು ಎಷ್ಟೋ ತರಬೇತುದಾರರು ಸಾಕುತ್ತಾರೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಶೆರ್ ಅಮಿ ಎಂಬ ಅಂಥದೊಂದು ಅಂಚೆಹಕ್ಕಿಯ ದೇಹವನ್ನು ಸ್ಮಿತ್ಸೋನಿಯನ್ ಸಂಸ್ಥೆ ಗೌರವದಿಂದ ಕಾಪಾಡಿದೆ. ನಾಯಿಯ ಮುಂದೆ ಹಾರಿದ ಹಕ್ಕಿ ತನ್ನ ಗೂಡಿಗೆ ಬರುತ್ತದೆ, ಕಾಳು ತಿನ್ನುತ್ತದೆ, ನಾಳೆ ಮತ್ತೆ ಪಾಠಕ್ಕೆ ಸಿದ್ಧ. ಖರ್ಚಾಗುತ್ತದೆ ಎನ್ನುವವರು ನಾಯಿಗೆ, ಬಂದೂಕಿಗೆ, ಪಿಕಪ್ ಗಾಡಿಗೆ ಸುರಿದದ್ದನ್ನು ಒಮ್ಮೆ ಕೂಡಿ ನೋಡಲಿ.

ಕೊಟ್ಟಿಗೆಯಿಂದ ಹಿಡಿದು ತಂದ ಹಕ್ಕಿಗೂ ಮರಳಲು ಒಂದು ಮನೆಯಿತ್ತು. ಅದು ಹಿಡಿದವನ ಮನೆಯಾಗಿರಲಿಲ್ಲ, ಅಷ್ಟೆ.