ತಲೆಯೆಣಿಕೆಯ ನ್ಯಾಯ

ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈಚೆಗೆ ಒಂದು ಚರ್ಚೆ ನಡೆಯಿತು. ಗಣಿತದ ಮಿತ್ರರೊಬ್ಬರು ಮಾಲ್ಟಾ ದ್ವೀಪದ ಮಾತೆತ್ತಿ, "ಐದೂವರೆ ಲಕ್ಷ ಜನರಿಗೆ ಯುರೋಪಿನ ಪಾರ್ಲಿಮೆಂಟಿನಲ್ಲಿ ಆರು ಸ್ಥಾನವೆ? ಇದು ಪ್ರಜಾಪ್ರಭುತ್ವವಲ್ಲ, ದಾನಧರ್ಮ" ಎಂದು ನಕ್ಕರು. ನಗು ಸಹಜವೇ. ೭೨೦ ಸದಸ್ಯರ ಆ ಸಭೆಯಲ್ಲಿ ಜರ್ಮನಿಗೆ ೯೬ ಸ್ಥಾನ. ಲೆಕ್ಕ ಹಾಕಿದರೆ ಒಂಬತ್ತು ಮಂದಿ ಜರ್ಮನರು ಸೇರಿ ಒಬ್ಬ ಮಾಲ್ಟಾದವನಿಗೆ ಸಮನಾಗುತ್ತಾರೆ.

ಆದರೆ ಈ ಲೆಕ್ಕ ಕಣ್ತಪ್ಪಿ ಆದುದಲ್ಲ. ಯಾವ ದೇಶಕ್ಕೂ ಆರಕ್ಕೆ ಕಡಮೆ ಇರಕೂಡದು, ತೊಂಬತ್ತಾರಕ್ಕೆ ಮೀರಕೂಡದು ಎಂದು ದೊಡ್ಡವರೂ ಸಣ್ಣವರೂ ಕೂಡಿಯೇ ಒಪ್ಪಂದದಲ್ಲಿ ಬರೆದುಕೊಂಡಿದ್ದಾರೆ. ಬರಿಯ ತಲೆಯೆಣಿಕೆಯಾಗಿದ್ದರೆ ಮಾಲ್ಟಾಕ್ಕೆ ಒಂದು ಸ್ಥಾನವೂ ಪೂರ್ತಿ ದಕ್ಕುತ್ತಿರಲಿಲ್ಲ. ದಕ್ಕಿದ್ದರ ಫಲವೇನು? ೨೦೨೨ರಲ್ಲಿ ಆ ಪಾರ್ಲಿಮೆಂಟಿನ ಅಧ್ಯಕ್ಷ ಪೀಠವೇರಿದವರು ಮಾಲ್ಟಾದ ರೊಬೆರ್ತಾ ಮೆತ್ಸೋಲಾ. ೧೯೩೪ರವರೆಗೆ ಸ್ವಂತ ನೆಲದಲ್ಲೇ ಸರ್ಕಾರಿ ಮನ್ನಣೆ ಇರದಿದ್ದ ಮಾಲ್ಟೀಸ್ ನುಡಿ ೨೦೦೪ರಿಂದ ಯುರೋಪಿನ ಅಧಿಕೃತ ಭಾಷೆಗಳಲ್ಲೊಂದು.

ಈಗ ನಮ್ಮ ಮನೆಯ ಲೆಕ್ಕ ನೋಡೋಣ. ನಮ್ಮಲ್ಲೂ ಒಂದು ಮಾಲ್ಟಾ ಉಂಟು. ಅದರ ಹೆಸರು ಕೊಡಗು. ೨೦೧೧ರ ಗಣತಿಯಂತೆ ಜನ ಐದೂವರೆ ಲಕ್ಷ. ವಿಸ್ತಾರ ೪,೧೦೨ ಚದರ ಕಿಲೋಮೀಟರು, ಅಂದರೆ ಮಾಲ್ಟಾದ ಹದಿಮೂರು ಪಟ್ಟು. ೧೯೫೨ರಲ್ಲಿ ಅದು ಒಂದು ರಾಜ್ಯ. ೨೪ ಸದಸ್ಯರ ವಿಧಾನಸಭೆ, ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲ, ಲೋಕಸಭೆಗೆ ತನ್ನದೇ ಒಬ್ಬ ಪ್ರತಿನಿಧಿ. ೧೯೫೬ರ ನವೆಂಬರ್ ೧ರಂದು ಅದು ನಮ್ಮೊಡನೆ ಸೇರಿತು. ಬಳಿಕ? ಲೋಕಸಭೆಯ ಸ್ವಂತ ಸ್ಥಾನ ಹೋಯಿತು. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಅಳಿಸಿಹೋಗಿ ಮೂವರು ಶಾಸಕರು ಇಬ್ಬರಾದರು. ಲೋಕಸಭೆಗೆ ಅದು ಮೈಸೂರಿನ ಬಾಲವಾಯಿತು. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಎರಡು ಅದರವು. ಅತ್ತ ಅರಬ್ಬೀ ಸಮುದ್ರದ ಲಕ್ಷದ್ವೀಪವಾದರೋ ಅರವತ್ತನಾಲ್ಕು ಸಾವಿರ ಜನರನ್ನಿಟ್ಟುಕೊಂಡು, ೧೯೬೭ರಿಂದ ತನ್ನ ಸದಸ್ಯನನ್ನು ತಾನೇ ಆರಿಸುತ್ತ ಬಂದಿದೆ! ಕೂಡಿ ಬಾಳಲು ಬಂದವರಿಗೆ ನಾವು ಕೊಟ್ಟ ಉಡುಗೊರೆ ಇದೇ ಏನು?

"ಒಬ್ಬನಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ಬೆಲೆ, ಇದನ್ನು ಬಿಟ್ಟರೆ ಉಳಿಯುವುದೇನು?" ಎಂದು ಮಿತ್ರರು ಕೇಳಿದರು. ಒಪ್ಪತಕ್ಕ ಪ್ರಶ್ನೆಯೇ. ನಾನು ವಾಸಿಸುವುದು ಹೆಬ್ಬಗೋಡಿಯಲ್ಲಿ. ಹೊಸೂರು ರಸ್ತೆಯ ಕಾರ್ಖಾನೆಗಳಿಗೆ ಬಂದವರಿಂದ ಊರು ದಿನದಿನಕ್ಕೆ ಉಬ್ಬುತ್ತಿದೆ. ನೇರ ತಲೆಯೆಣಿಕೆಯಿಂದ ಲಾಭವಾಗುವುದಿದ್ದರೆ ನನ್ನ ಊರಿಗೇ. ಆದರೂ ಹೇಳುತ್ತೇನೆ: ಈಗಾಗಲೇ ೨೨೪ರಲ್ಲಿ ೨೮ ಶಾಸಕರನ್ನು ಪಡೆದ ಬೆಂಗಳೂರು ನಗರ ಜಿಲ್ಲೆ ಇನ್ನಷ್ಟು ಪಡೆಯಲಿ, ಆದರೆ ಮಲೆನಾಡಿನ ಬಾಯಿಂದ ಕಿತ್ತುಕೊಂಡು ಬೇಡ. ಶಾಸಕ ಪ್ರತಿನಿಧಿಸುವುದು ಬರಿಯ ತಲೆಗಳನ್ನೇ ಅಲ್ಲ; ನೆಲ, ನೀರು, ನುಡಿ ಇವುಗಳಿಗೂ ಅವನೇ ನಾಲಗೆ. ಬೆಂಗಳೂರು ಕುಡಿಯುವ ಕಾವೇರಿ ಹುಟ್ಟುವುದು ತಲಕಾವೇರಿಯಲ್ಲಿ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುಬಿದ್ದಾಗ ಆ ದುಃಖವನ್ನು ವಿಧಾನಸಭೆಯಲ್ಲಿ ಹೇಳಬೇಕಾದವರು ಇಬ್ಬರೇ. ಕನ್ನಡದ ಮೇಷ್ಟ್ರಾಗಿ ಇನ್ನೊಂದು ಮಾತನ್ನೂ ನಾಚಿಕೆಯಿಂದಲೇ ಹೇಳಬೇಕು: ದಿಲ್ಲಿಯಲ್ಲಿ ಕನ್ನಡಕ್ಕೆ ಸ್ಥಾನವಿಲ್ಲವೆಂದು ಗೋಳಿಡುವ ನಾವು, ಕೊಡವ ನುಡಿಗಾಗಿ ಎಷ್ಟು ಸಲ ದನಿಯೆತ್ತಿದ್ದೇವೆ?

ದಕ್ಷಿಣದ ರಾಜ್ಯಗಳ ಅಂಜಿಕೆಯೂ ಇದೇ ಜಾತಿಯದು. ೨೦೧೧ರ ಗಣತಿಯನ್ನೇ ಹಿಡಿದು ಈಗಿನ ೫೪೩ ಸ್ಥಾನಗಳನ್ನು ಹಂಚಿದರೆ ಕೇರಳದ ೨೦ ಸುಮಾರು ೧೫ಕ್ಕೆ, ತಮಿಳುನಾಡಿನ ೩೯ ಸುಮಾರು ೩೨ಕ್ಕೆ ಇಳಿಯುತ್ತವೆ. ಅದು ಅನ್ಯಾಯವೆಂದು ನಾವು ಕೂಗುತ್ತೇವೆ, ಕೂಗಬೇಕಾದ್ದೇ. ಆದರೆ ದಿಲ್ಲಿಯ ಮುಂದೆ ಸಣ್ಣವರಾಗಿ ನಿಂತು ಬೇಡುವ ನ್ಯಾಯವನ್ನು ಮಡಿಕೇರಿಯ ಮುಂದೆ ದೊಡ್ಡವರಾಗಿ ನಿಂತಾಗ ಕೊಡದಿದ್ದರೆ, ನಮ್ಮ ಕೂಗಿಗೆ ಬೆಲೆ ಎಲ್ಲಿಂದ ಬಂದೀತು?

ಹಾಗಾದರೆ ಮಾಡತಕ್ಕದ್ದೇನು? ಯಾವ ಜಿಲ್ಲೆಗೂ ಮೂವರಿಗೆ ಕಡಮೆ ಶಾಸಕರಿರಕೂಡದೆಂದು ಕಾನೂನಿನಲ್ಲೇ ಕಟ್ಟುಮಾಡುವುದು. ಇದು ದಾನಧರ್ಮವಲ್ಲ, ಕೂಡಿ ಬಾಳುವವರು ಕೊಡಬೇಕಾದ ಬಾಡಿಗೆ. ಮಾಲ್ಟಾಕ್ಕೆ ಆರು ಸ್ಥಾನ ಕೊಟ್ಟ ಜರ್ಮನಿ ಬಡವಾಗಲಿಲ್ಲ. ಸೋಮವಾರಪೇಟೆಗೆ ಒಂದನ್ನು ಹಿಂದಕ್ಕೆ ಕೊಟ್ಟರೆ ಬೆಂಗಳೂರೂ ಬಡವಾಗದು.