ಪರ್ಸಿ ಗಣಿಯ ದಂಡೆ
ಸಮುದ್ರ ಕಾಣದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರಿಗೂ ಒಂದು ದಂಡೆ ಇದೆ. ಅಲೆಯಿಲ್ಲ, ಮರಳಿಲ್ಲ, ಅಷ್ಟೇ. ಊರೂರ ಅಂಗಳಕ್ಕೆ ಪರ್ಸಿ ಕಲ್ಲು ಹಾಸಿಕೊಟ್ಟು ಪಾಳುಬಿದ್ದ ಗಣಿಗಳಲ್ಲಿ ಮಳೆನೀರು ನಿಂತಿದೆ. ಚಿಂಚೋಳಿಯವರಿಗಾದರೂ ಚಂದ್ರಂಪಳ್ಳಿ ಜಲಾಶಯವಿದೆ. ಉಳಿದ ಊರುಗಳ ಹುಡುಗರಿಗೆ ಏಪ್ರಿಲ್ ಬಿಸಿಲಲ್ಲಿ ಈ ಹೊಂಡಗಳೇ ಈಜುಕೊಳ. ಮುಳುಗುವ ಭಯ ಎಲ್ಲರಿಗೂ ಗೊತ್ತು. ಅಂಚೇ ಕಳಚಿ ಬೀಳುವ ಭಯದ ಬಗ್ಗೆ ಮಾತು ಕಡಿಮೆ. ಇಲ್ಲಿ ಸುಣ್ಣಕಲ್ಲಿನ ಪದರಗಳ ಮೇಲೆ ಎರೆಮಣ್ಣು ಕೂತಿದೆ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಮಳೆನೀರು ಆ ಬಿರುಕಿಗಿಳಿದು ಮಣ್ಣನ್ನು ಉಬ್ಬಿಸಿ ಭಾರ ಮಾಡುತ್ತದೆ. ಗೋಡೆಯಂತೆ ನೆಟ್ಟಗೆ ಕಡಿದ ಅಂಚಿಗೆ ಆಸರೆ ಎಲ್ಲಿಯದು? ಬಿದ್ದವನಿಗೂ ಹಿಡಿದು ಹತ್ತಲು ಒಂದು ಮೆಟ್ಟಿಲಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾಡೆಲ್ಲ ಹೆದ್ದಾರಿಗಾಗಿ ಕಡಿದ ಇಳಿಜಾರಿನ ಬಗ್ಗೆ ಮಾತಾಡಿತು. ನಮ್ಮ ಗಣಿಯಂಚು ಗಾತ್ರದಲ್ಲಿ ಚಿಕ್ಕದು, ಟೀವಿಯವರು ಬರುವುದಿಲ್ಲ. ಗಣಿ ಬಿಟ್ಟುಹೋಗುವ ಮುನ್ನ ಬಾಯಿಗೆ ಗಟ್ಟಿ ತಡೆ ಕಟ್ಟಬೇಕೆಂಬ ನಿಯಮ 1961ರಿಂದಲೇ ಇದೆ. ಆದರೆ ಗುತ್ತಿಗೆದಾರ ಹೋದ ಮೇಲೆ ಕೇಳುವುದು ಯಾರನ್ನು? ಎಚ್ಚರಿಕೆಯ ಬೋರ್ಡು ನನಗಂತೂ ಸಾಲದು. ಬಂಡೆಯ ತುದಿಯಿಂದ ಹತ್ತಾರು ಅಡಿ ಎರೆಮಣ್ಣು ಹಿಂದಕ್ಕೆ ಸರಿಸಲಿ, ಅಲ್ಲೇ ರಾಶಿಬಿದ್ದ ಕಲ್ಲಿನ ತುಂಡುಗಳಿಂದಲೇ ಅಡ್ಡಗೋಡೆ ಕಟ್ಟಲಿ, ಒಂದು ಬದಿ ಇಳಿಜಾರಾಗಿ ಕಡಿದು ಮೆಟ್ಟಿಲು ಮಾಡಲಿ. ಪಕ್ಕದಲ್ಲೊಂದು ಗೂಟ, ಉದ್ದನೆಯ ಹಗ್ಗ, ಅದರ ತುದಿಗೆ ಗಾಳಿ ತುಂಬಿದ ಲಾರಿಯ ಹಳೇ ಟ್ಯೂಬು.