ವಾಟ್ಸಾಪ್ ಪೋಲ್‌ನಲ್ಲಿ ಎಲ್ಲರೂ 'ತೃಪ್ತಿ' ಎಂದರೆ ಕೆಲಸದ ಜಾಗದಲ್ಲಿ ಎಲ್ಲವೂ ಸರಿಯಿದೆ ಎಂದರ್ಥವೇ?

ಕೆಲಸದ ಜಾಗದಲ್ಲಿ ಏನೋ ಸಮಸ್ಯೆ ಇದೆ ಎಂದ ಕೂಡಲೇ ಈಗ ಮೊದಲು ಬರುವುದು ಒಂದು ಲಿಂಕ್. "ಎರಡು ನಿಮಿಷದ ಫಾರ್ಮ್, ಎಲ್ಲರೂ ತುಂಬಿ, ಉಳಿದ ಗ್ರೂಪ್‌ಗಳಿಗೂ ಕಳುಹಿಸಿ" ಎಂಬ ಸಂದೇಶ. ಸಂಜೆಯೊಳಗೆ ಪೈ ಚಾರ್ಟ್ ಸಿದ್ಧ! ಹೆಚ್ಚು ಜನ ಉತ್ತರಿಸಿದಷ್ಟೂ ಫಲಿತಾಂಶ ಹೆಚ್ಚು ನಿಜ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದು ಸರಿಯೇ?

ಸಂಖ್ಯೆ ದೊಡ್ಡದಾದರೆ ಸಾಕೇ?

ಸಾಲದು. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದ ಮಾದರಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ರೂಸ್‌ವೆಲ್ಟ್ ಸೋಲುತ್ತಾರೆ ಎಂದು ಪತ್ರಿಕೆ ಬರೆಯಿತು. ಆದರೆ ಅವರು 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ವಿಳಾಸಗಳನ್ನು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಆರಿಸಿದ್ದರಿಂದ ಬಡವರ ದನಿ ಹೊರಗುಳಿದಿತ್ತು. ಉತ್ತರ ಕಳುಹಿಸಿದವರೂ ಕಳುಹಿಸದವರೂ ಒಂದೇ ರೀತಿ ಯೋಚಿಸುವವರಾಗಿರಲಿಲ್ಲ. ಬಹಳ ಚಿಕ್ಕ ಮಾದರಿ ಬಳಸಿದ ಜಾರ್ಜ್ ಗ್ಯಾಲಪ್ ವಿಜೇತರನ್ನು ಸರಿಯಾಗಿ ಹೇಳಿದ್ದರು.

ಲಿಂಕ್ ಯಾರಿಗೆ ತಲುಪುವುದಿಲ್ಲ?

ಉಜಿರೆ, ಬೆಳ್ತಂಗಡಿ, ಬಂಟ್ವಾಳದ ಸುತ್ತ ಬೀಡಿ ಕಟ್ಟುವ ಮಹಿಳೆಯರನ್ನು ನೆನಪಿಸಿಕೊಳ್ಳಿ. ಅವರಿಗೆ ಮನೆಯ ಜಗಲಿಯೇ ಕೆಲಸದ ಜಾಗ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕಂಪನಿಯ ಇಮೇಲ್ ಪಟ್ಟಿಯಲ್ಲಿ ಅವರಿಲ್ಲ. ಮನೆಮಾತು ತುಳು, ಬ್ಯಾರಿ, ಕೊಂಕಣಿ ಇರಬಹುದು. ಫಾರ್ಮ್ ಮಾತ್ರ ಗ್ರಾಂಥಿಕ ಕನ್ನಡದಲ್ಲಿ. ಇಂಥಲ್ಲಿ ಅವರ ಮಾತಿನಲ್ಲೇ ಎದುರು ಕೂತು ಕೇಳಬೇಕು, ಅದೂ ಗುತ್ತಿಗೆದಾರರ ಕಣ್ಣೆದುರು ಅಲ್ಲ. ಇನ್ನೊಂದು ಸಂಗತಿ: ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ನಮ್ಮ ಅರ್ಧ ಗಂಟೆಯ ಪ್ರಶ್ನೆಗಳು ಅರ್ಧ ಗಂಟೆಯ ಕೂಲಿ ನಷ್ಟ. ಸಮಯವನ್ನು ಅವರೇ ಹೇಳಲಿ.

ಹೆಸರು ಬೇಡ ಎಂದರೆ ಗುಟ್ಟು ಉಳಿಯುತ್ತದೆಯೇ?

ವಾಟ್ಸಾಪ್ ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರು ಎಂಬುದು ಸಾಮಾನ್ಯವಾಗಿ ಗ್ರೂಪ್‌ನವರಿಗೆಲ್ಲ ಕಾಣುತ್ತದೆ. ಮೇಲಧಿಕಾರಿಯೂ ಅದೇ ಗ್ರೂಪ್‌ನಲ್ಲಿದ್ದರೆ 'ತೃಪ್ತಿ' ಬಿಟ್ಟು ಬೇರೆ ಉತ್ತರ ಬರುವುದು ಕಷ್ಟ. ಗೂಗಲ್ ಫಾರ್ಮ್‌ನಲ್ಲಿ ಹೆಸರು ಕೇಳದಿದ್ದರೂ ವಿಭಾಗ, ವಯಸ್ಸು, ಲಿಂಗ ಕೇಳಿದರೆ ಸಾಕು. ಹನ್ನೆರಡು ಜನರ ಕಚೇರಿಯಲ್ಲಿ "ಲೆಕ್ಕಪತ್ರ ವಿಭಾಗದ, 50 ದಾಟಿದ ಮಹಿಳೆ" ಎಂದರೆ ಅದು ಹೆಸರು ಬರೆದಂತೆಯೇ.

ಹಾಗಾದರೆ ಯಾವ ವಿಧಾನ ಸರಿ?

ಪ್ರಶ್ನೆ ಯಾವುದು ಎಂಬುದರ ಮೇಲೆ ವಿಧಾನ ನಿಂತಿದೆ.

- *ಎಷ್ಟು ಜನರಿಗೆ ಈ ತೊಂದರೆ ಇದೆ?* ಇದಕ್ಕೆ ಸಮೀಕ್ಷೆ. ಎಲ್ಲರನ್ನೂ ಕೇಳಿ, ಇಲ್ಲವೇ ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿ.
- *ಯಾಕೆ ಹೀಗಾಗುತ್ತಿದೆ?* ಇದಕ್ಕೆ ಸಂದರ್ಶನ. ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 20,000ಕ್ಕೂ ಹೆಚ್ಚು ಕಾರ್ಮಿಕರನ್ನು ಮಾತನಾಡಿಸಲಾಯಿತು. ಮೊದಲು ಸಿದ್ಧ ಪ್ರಶ್ನೆಗಳಿದ್ದವು. ಕಾರ್ಮಿಕರ ಮನಸ್ಸಿನಲ್ಲಿ ಬೇರೆಯೇ ವಿಷಯಗಳಿವೆ ಎಂದು ಗೊತ್ತಾದ ಮೇಲೆ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವ ಪದ್ಧತಿಗೆ ಬದಲಾಯಿಸಿದರು.
- *ಪರಿಹಾರ ಹೇಗಿರಬೇಕು?* ಇದಕ್ಕೆ ಗುಂಪು ಚರ್ಚೆ. ಆದರೆ ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಗುಂಪಿನಲ್ಲಿ ಕೂರಿಸಬೇಡಿ.
- *ನಿಜವಾಗಿ ಏನು ನಡೆದಿದೆ?* ಇದಕ್ಕೆ ಅಭಿಪ್ರಾಯ ಸಾಲದು, ದಾಖಲೆ ಬೇಕು.

ಕೊನೆಯದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ದಾಂಧಲೆ ನಡೆಯಿತು. ಸಂಬಳ ಸರಿಯಾಗಿ ಬಂದಿಲ್ಲ ಎಂಬುದು ಕಾರ್ಮಿಕರ ದೂರಾಗಿತ್ತು. ಬಳಿಕದ ಪರಿಶೀಲನೆಯಲ್ಲಿ ಹಾಜರಾತಿ ಮತ್ತು ವೇತನ ವ್ಯವಸ್ಥೆಯ ಲೋಪಗಳು ಹೊರಬಂದವು. ಕೆಲವರಿಗೆ ಸಮಯಕ್ಕೆ ಸರಿಯಾದ ವೇತನ ಸಿಕ್ಕಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಅಲ್ಲಿದ್ದ ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಾಯಂ ನೌಕರರನ್ನಷ್ಟೇ ಕೇಳುವ ಸಮೀಕ್ಷೆಗೆ ಇಂಥ ಅಸಮಾಧಾನ ಕಾಣಿಸುವುದೇ ಇಲ್ಲ.

ಅಭಿಪ್ರಾಯ ಬೇರೆ, ದೂರು ಬೇರೆ

ಲೈಂಗಿಕ ಕಿರುಕುಳದ ದೂರು ಬಂದಾಗ "ಆತ ಅಂಥವನಾ? ಹೌದು/ಇಲ್ಲ" ಎಂದು ಪೋಲ್ ಹಾಕುವುದು ತಪ್ಪು. ಬಹುಮತದಿಂದ ಸತ್ಯ ತೀರ್ಮಾನವಾಗುವುದಿಲ್ಲ. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರುದಾರರ, ಆರೋಪಿಯ, ಸಾಕ್ಷಿಗಳ ಗುರುತು ಬಹಿರಂಗಪಡಿಸುವಂತಿಲ್ಲ. ಅಷ್ಟು ಜನರಿಲ್ಲದ ಕಡೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ಫಾರ್ವರ್ಡ್ ಮಾಡುವ ಮುನ್ನ

"ಸಮೀಕ್ಷೆ ಹೇಳುತ್ತದೆ" ಎಂಬ ಸಂದೇಶ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಯಾರನ್ನು ಕೇಳಿದರು? ಯಾರು ಉತ್ತರಿಸಲಿಲ್ಲ? ಕೇಳಿದವರು ಯಾರು? ನಿಜ ಹೇಳಿದವರಿಗೆ ತೊಂದರೆ ಆಗುವ ಸಾಧ್ಯತೆ ಇತ್ತೇ? ಇವಕ್ಕೆ ಉತ್ತರ ಸಿಗದಿದ್ದರೆ ಪೈ ಚಾರ್ಟ್ ಎಷ್ಟು ಅಂದವಾಗಿದ್ದರೂ ಮುಂದಕ್ಕೆ ಕಳುಹಿಸಬೇಡಿ.